ಒಂದು ಲಕ್ಷ ಕೊರಳು, ಒಂದೇ ಶ್ರುತಿ

ಕ್ರೀಡಾಂಗಣದ ದೀಪಗಳೆಲ್ಲ ಒಮ್ಮೆಲೇ ಆರಿದವು. ಗಿಟಾರಿನ ತಂತಿ ಮಿಡಿಯಿತು. ‘ಯೆಲ್ಲೊ’! ಹಾಡಿನ ಮೊದಲ ಸ್ವರ ಕಿವಿಗೆ ಬೀಳುವಷ್ಟರಲ್ಲಿ ನನ್ನ ಎಡಗೈ ಮಣಿಕಟ್ಟು ಹಳದಿ ಬೆಳಕಾಗಿ ಹೊತ್ತಿಕೊಂಡಿತು. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಪಕ್ಕದವರ ಕೈ ಹಳದಿ, ಮುಂದಿನ ಸಾಲು ಹಳದಿ, ಎದುರಿನ ಗ್ಯಾಲರಿ ಹಳದಿ, ಕೆಳಗೆ ಮೈದಾನವಿಡೀ ಹಳದಿ! ಒಂದು ಲಕ್ಷಕ್ಕೂ ಹೆಚ್ಚು ಕೈಗಳು ಕತ್ತಲಲ್ಲಿ ಒಂದೇ ಬಣ್ಣ ಹೊತ್ತು ಮೇಲೆದ್ದವು. ಇಪ್ಪತ್ತು ವರ್ಷಗಳಿಂದ ಇಯರ್‌ಫೋನಿನಲ್ಲಿ ಒಬ್ಬಳೇ ಕೇಳಿಕೊಂಡು ಬಂದ ಹಾಡು ಇಷ್ಟೊಂದು ಜನರ ಸ್ವಂತದ ಹಾಡೂ ಆಗಿತ್ತೇ ಎಂದು ಆ ಕ್ಷಣಕ್ಕೆ ಅರಿವಾಗಿ ಮೈ ಜುಮ್ಮೆಂದಿತು.

ಅದು 2025ರ ಜನವರಿ 26. ಅಹಮದಾಬಾದಿನ ಮೊಟೇರಾದಲ್ಲಿರುವ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡದ ಎರಡನೆಯ ರಾತ್ರಿ. ಅದೇ ತಿಂಗಳ 18, 19 ಮತ್ತು 21ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಹಾಡಿ, 25ರಂದು ಇಲ್ಲೇ ಒಮ್ಮೆ ಹಾಡಿ, ಈಗ ಭಾರತದ ಕೊನೆಯ ಕಛೇರಿಗೆ ನಿಂತಿದ್ದರು. 2022ರ ಮಾರ್ಚ್‌ನಲ್ಲಿ ಕೋಸ್ಟರಿಕಾದಿಂದ ಹೊರಟ ‘ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್’ ಎಂಬ ವಿಶ್ವಪ್ರವಾಸ ಅದು. 1,32,000 ಆಸನಗಳಿರುವ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಮೈದಾನ ಅಂದು ತುಂಬಿ ತುಳುಕುತ್ತಿತ್ತು. ಬೆಂಗಳೂರಿನಿಂದ ನಾನು ಮತ್ತು ಅಕ್ಕನ ಮಗಳು ಬಂದಿದ್ದೆವು. ಮೆಟ್ರೋದಲ್ಲಿ, ಗೇಟಿನ ಸಾಲಿನಲ್ಲಿ, ನೀರು ಕುಡಿಯುವಲ್ಲಿ ತಮಿಳು, ಮರಾಠಿ, ಮಲಯಾಳ, ಗುಜರಾತಿ. ಅವುಗಳ ನಡುವೆ ಅಲ್ಲಲ್ಲಿ ನಮ್ಮ ಕನ್ನಡ. ಇವರೆಲ್ಲ ಊರು ಬಿಟ್ಟು ಬಂದದ್ದು ಎರಡು ಗಂಟೆಯ ಹಾಡಿಗಾಗಿ!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಹಾಸ್ಟೆಲಿನಲ್ಲಿ ಗೆಳೆಯರಾದ ಹುಡುಗರ ತಂಡ ಇದು. ಕ್ರಿಸ್ ಮಾರ್ಟಿನ್, ಜಾನಿ ಬಕ್‌ಲ್ಯಾಂಡ್, ಗೈ ಬೆರಿಮನ್, ವಿಲ್ ಚಾಂಪಿಯನ್. 2000ನೇ ಇಸವಿಯಲ್ಲಿ ಬಂದ ಮೊದಲ ಆಲ್ಬಮ್ ‘ಪ್ಯಾರಶೂಟ್ಸ್’ನಲ್ಲಿ ‘ಯೆಲ್ಲೊ’ ಇತ್ತು. ವೇಲ್ಸ್‌ನ ಹಳ್ಳಿಗಾಡಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಒಂದು ರಾತ್ರಿ ಹೊರಗೆ ಬಂದು ಆಕಾಶ ನೋಡಿದಾಗ ಕಂಡ ನಕ್ಷತ್ರಗಳಿಂದ ಹುಟ್ಟಿದ ಹಾಡು. ನಾಲ್ವರು ನೋಡಿದ ಆಕಾಶ ಈಗ ಲಕ್ಷ ಜನರ ಕೈಗಿಳಿದಿತ್ತು.

ಒಳಗೆ ಬರುವಾಗ ಎಲ್ಲರಿಗೂ ಕೊಟ್ಟಿದ್ದ ಮಿನುಗುವ ಕೈಪಟ್ಟಿಯನ್ನು ಅಕ್ಕನ ಮಗಳು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಚಿಕ್ಕಮ್ಮಾ, ನಾನು ಎಲ್ಲಿ ಕೂತಿದೀನಿ ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?”

“ತಡಿಯೇ ಪುಟ್ಟಿ, ಹಾಡು ಮುಗೀಲಿ!” ಅಂದೆ. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಳಕು ಬರೀ ಹೊತ್ತುತ್ತಿರಲಿಲ್ಲ, ಓಡುತ್ತಿತ್ತು! ಎಡಗಡೆಯ ಗ್ಯಾಲರಿಯಿಂದ ಕೆಂಪು ಹೊರಟು ಅಲೆಅಲೆಯಾಗಿ ಬಲಕ್ಕೆ ಬಂದು, ನಮ್ಮನ್ನು ದಾಟಿ ಹೋಗಿ, ಹಿಂದೆಯೇ ನೀಲಿ ಬರುತ್ತಿತ್ತು. ಲಕ್ಷ ಪಟ್ಟಿಗಳಲ್ಲಿ ಯಾವುದು ಯಾವಾಗ ಯಾವ ಬಣ್ಣವಾಗಬೇಕೆಂದು ಹೇಳುತ್ತಿರುವವರು ಯಾರು?

ಹೇಳುತ್ತಿರುವುದು ಕಣ್ಣಿಗೆ ಕಾಣದ ಬೆಳಕು. ಕೆನಡಾದ ಮಾಂಟ್ರಿಯಲ್‌ನ ಪಿಕ್ಸ್‌ಮಾಬ್ ಎಂಬ ಕಂಪನಿ ರೂಪಿಸಿದ ಪಟ್ಟಿ ಇದು. ಮೈಮೇಲೆ ಸಣ್ಣ ಎಲ್‌ಇಡಿಗಳು, ಒಳಗೆ ಒಂದು ಚಿಪ್, ಪುಟ್ಟ ಬ್ಯಾಟರಿ, ಜೊತೆಗೆ ಅತಿಕೆಂಪು ಕಿರಣವನ್ನು ಗುರುತಿಸುವ ಒಂದು ಕಣ್ಣು. ಮನೆಯ ಟಿವಿ ರಿಮೋಟು ಕೆಲಸ ಮಾಡುವುದೂ ಇದೇ ಅತಿಕೆಂಪು ಕಿರಣದಿಂದಲೇ. ಕ್ರೀಡಾಂಗಣದಲ್ಲಿ ಅಲ್ಲಲ್ಲಿ ನಿಲ್ಲಿಸಿದ ಯಂತ್ರಗಳು ಆ ಕಿರಣವನ್ನು ಜನರ ಮೇಲೆ ಬೀಸುತ್ತವೆ. ಕಿರಣದ ಹಾದಿಯಲ್ಲಿ ಸಿಕ್ಕ ಪಟ್ಟಿಗಳೆಲ್ಲ ಆಜ್ಞೆ ಕೇಳಿಸಿಕೊಂಡು ಹೊತ್ತುತ್ತವೆ. ಕಿರಣ ಮುಂದೆ ಸರಿದರೆ ಬಣ್ಣವೂ ಮುಂದೆ ಸರಿಯುತ್ತದೆ. ಅಕ್ಕನ ಮಗಳು ಎಲ್ಲಿ ಕೂತಿದ್ದಾಳೆಂದು ಪಟ್ಟಿಗೆ ಗೊತ್ತೇ ಇಲ್ಲ! ಅವಳು ಸೀಟು ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕುಣಿದರೂ ಚಿತ್ರ ಕೆಡುವುದಿಲ್ಲ. ಬೆಳಕು ಅವಳನ್ನು ಹುಡುಕಬೇಕಾಗಿಲ್ಲ, ಅವಳು ಇದ್ದಲ್ಲಿಗೇ ಬಂದು ಬೀಳುತ್ತದೆ. ಕಾಣದ ಬೆಳಕೊಂದು ಕಾಣುವ ಬೆಳಕನ್ನು ಹೊತ್ತಿಸುತ್ತ ನಮ್ಮೆಲ್ಲರ ತಲೆಯ ಮೇಲೆ ಹಾದುಹೋಗುತ್ತಿದೆ ಎಂದು ತಿಳಿದ ಮೇಲೆ ನನ್ನ ಬೆರಗು ಇಮ್ಮಡಿಯಾಯಿತು.

ಈ ತಂಡಕ್ಕೂ ಮಿನುಗುವ ಪಟ್ಟಿಗೂ ಹಳೆಯ ನಂಟು. 2012ರ ‘ಮೈಲೊ ಜೈಲೊಟೊ’ ಪ್ರವಾಸದಲ್ಲೇ ಕೋಲ್ಡ್‌ಪ್ಲೇ ‘ಜೈಲೊಬ್ಯಾಂಡ್’ ಎಂಬ ಪಟ್ಟಿಗಳನ್ನು ಹಂಚಿತ್ತು. ಅವು ರೇಡಿಯೋ ಅಲೆಗಳಿಂದ ಹೊತ್ತುತ್ತಿದ್ದವು. ಅದನ್ನು ರೂಪಿಸಿದ ಜೇಸನ್ ರೆಗ್ಲರ್ ಎಂಬವರಿಗೆ ಆ ಯೋಚನೆ ಹೊಳೆದದ್ದು ಕೋಲ್ಡ್‌ಪ್ಲೇಯದೇ ‘ಫಿಕ್ಸ್ ಯು’ ಹಾಡನ್ನು ಕೇಳುವಾಗ! ಅಭಿಮಾನಿಯೊಬ್ಬರ ತಲೆಯಲ್ಲಿ ಹಾಡು ಎಬ್ಬಿಸಿದ ಕನಸು ಅದೇ ತಂಡದ ವೇದಿಕೆಗೆ ಮರಳಿತು. ಅಭಿಮಾನಕ್ಕೆ ಎಂಥ ಶಕ್ತಿ ಇದೆ ನೋಡಿ.

ಇನ್ನು ಶಬ್ದದ ಕತೆ. ಇದು ಬೆಳಕಿಗಿಂತ ದೊಡ್ಡ ಸೋಜಿಗ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟು ದೊಡ್ಡ ಮೈದಾನಕ್ಕೆ ಸಾಲುವ ಧ್ವನಿವರ್ಧಕ ಅವರ ಬಳಿ ಇರಲಿಲ್ಲ. ಬೇಸ್‌ಬಾಲ್ ಪಂದ್ಯದ ಘೋಷಣೆಗೆಂದು ಇದ್ದ ಸ್ಪೀಕರುಗಳಲ್ಲೇ ಅವರ ಹಾಡು ಹೊರಟಿತು. ಜನರ ಕೂಗಿನಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳುತ್ತಿರಲಿಲ್ಲ. ಮರುವರ್ಷವೇ ಅವರು ಪ್ರವಾಸದ ಕಛೇರಿಗಳನ್ನು ನಿಲ್ಲಿಸಿಬಿಟ್ಟರು. ಅಲ್ಲಿಂದ ಮೊಟೇರಾದ ಮೇಲಿನ ಗ್ಯಾಲರಿಯ ನನ್ನ ಸೀಟಿಗೆ ಕ್ರಿಸ್ ಮಾರ್ಟಿನ್ನರ ಉಸಿರಿನ ಸದ್ದು ಕೂಡ ಸ್ಪಷ್ಟವಾಗಿ ತಲುಪುವವರೆಗಿನ ದಾರಿ ಎಷ್ಟು ದೊಡ್ಡದು!

ವೇದಿಕೆಯ ಎರಡೂ ಪಕ್ಕದಲ್ಲಿ ಸ್ಪೀಕರುಗಳು ಒಂದರ ಕೆಳಗೊಂದು ತೂಗುಬಿದ್ದಿರುವುದನ್ನು ನೋಡಿರುತ್ತೀರಿ. ಸಾಲಿನ ಕೆಳತುದಿಯ ಸ್ಪೀಕರುಗಳು ಕೆಳಗಿನ ಜನರ ಕಡೆಗೆ ಮುಖ ಮಾಡಿರುತ್ತವೆ. ಲೈನ್ ಅರೇ ಎನ್ನುತ್ತಾರೆ. ಫ್ರಾನ್ಸಿನ ಭೌತವಿಜ್ಞಾನಿ ಕ್ರಿಶ್ಚಿಯನ್ ಹೈಲ್ 1990ರ ದಶಕದ ಆರಂಭದಲ್ಲಿ ಇದಕ್ಕೊಂದು ಹೊಸ ರೂಪ ಕೊಟ್ಟರು. ಬಿಡಿಬಿಡಿಯಾಗಿ ನಿಂತ ಸ್ಪೀಕರಿನ ಸದ್ದು ಮೇಲೆ ಕೆಳಗೆ ಎಲ್ಲ ಕಡೆಗೂ ಚೆಲ್ಲಿಹೋಗುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಲೆಕ್ಕ ಹಾಕಿ ಜೋಡಿಸಿದ ಈ ಸಾಲಿನಿಂದ ಹೊರಟ ಸದ್ದು ಆಕಾಶಕ್ಕೂ ನೆಲಕ್ಕೂ ವ್ಯರ್ಥವಾಗದೆ ಜನರತ್ತ ಒಟ್ಟಾಗಿ ಸಾಗುತ್ತದೆ. ಒಂದು ದೂರದವರೆಗೆ ಇಳಿಕೆ ಅದರ ಅರ್ಧದಷ್ಟೇ, 3 ಡೆಸಿಬೆಲ್. ಮುಂದಿನ ಸಾಲಿನವರ ಕಿವಿ ಗಡಚಿಕ್ಕದೆ ಹಿಂದಿನವರಿಗೂ ಕೇಳುವುದರ ಗುಟ್ಟು ಇದು.

ಆದರೂ ಶಬ್ದಕ್ಕೆ ಸಮಯ ಬೇಕು. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 200 ಮೀಟರ್ ದೂರ ಕೂತವರಿಗೆ ವೇದಿಕೆಯ ಸದ್ದು ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಹಾಗಾಗಿ ದೂರದವರಿಗಾಗಿ ಮೈದಾನದ ನಡುವೆ ಇನ್ನಷ್ಟು ಸ್ಪೀಕರುಗಳನ್ನು ನಿಲ್ಲಿಸುತ್ತಾರೆ. ವಿದ್ಯುತ್ ತಂತಿಯಲ್ಲಿ ಸಂಕೇತ ಅಲ್ಲಿಗೆ ಕಣ್ಣು ಮಿಟುಕಿಸುವ ಮೊದಲೇ ತಲುಪುತ್ತದೆ. ತಲುಪಿದ ಕೂಡಲೇ ನುಡಿಸಿಬಿಟ್ಟರೆ ಹತ್ತಿರದ ಸ್ಪೀಕರಿನ ಹಾಡು ಮೊದಲು, ವೇದಿಕೆಯ ಹಾಡು ಆಮೇಲೆ. ಒಂದೇ ಹಾಡು ಎರಡೆರಡು ಬಾರಿ ಕೇಳಿ ಗಜಿಬಿಜಿಯಾಗುತ್ತದೆ. ಅದಕ್ಕೇ ಅವುಗಳನ್ನು ಬೇಕೆಂದೇ ತಡೆದು ಹಿಡಿಯುತ್ತಾರೆ! ವೇದಿಕೆಯಿಂದ ಹೊರಟ ಸದ್ದು ಗಾಳಿಯಲ್ಲಿ ಅಷ್ಟು ದೂರ ನಡೆದುಬರುವ ತನಕ ಕಾಯ್ದು, ಅದರ ಜೊತೆಜೊತೆಗೇ ಬಾಯಿ ತೆರೆಯಬೇಕು. ಆ ತಡೆಯನ್ನು ಮಿಲಿಸೆಕೆಂಡುಗಳಲ್ಲಿ ಲೆಕ್ಕ ಹಾಕಿಡುತ್ತಾರೆ. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ, ತಂಪಾದರೆ ಇಳಿಯುತ್ತದೆ. ಸಂಜೆಯ ತಂಪು ಕೂಡ ಸಂಗೀತದ ಲೆಕ್ಕಕ್ಕೆ ಸೇರುತ್ತದೆಯೆಂದರೆ!

‘ವಿವಾ ಲಾ ವಿಡಾ’ ಶುರುವಾದಾಗ ಶಬ್ದಕ್ಕೆ ಸಮಯ ಬೇಕೆಂಬುದನ್ನು ನಾನು ಕಣ್ಣಾರೆ ಕಂಡೆ. ವಿಲ್ ಚಾಂಪಿಯನ್ ಎದ್ದು ನಿಂತು ದೊಡ್ಡ ಗಂಟೆಯನ್ನು ಬಾರಿಸುವ ಹಾಡು ಅದು. ಪರದೆಯಿಂದ ಕಣ್ಣು ಕಿತ್ತು ದೂರದ ವೇದಿಕೆಯ ಮೇಲಿನ ಆ ಚಿಕ್ಕ ಆಕೃತಿಯನ್ನೇ ದಿಟ್ಟಿಸಿದೆ. ಕೈ ಮೇಲೆ ಹೋಯಿತು. ಕೈ ಬಿತ್ತು. ಗಂಟೆ ಇನ್ನೂ ಮೌನ. ಆಮೇಲೆ ಢಣ್! ಕೈ ಬಿದ್ದದ್ದಕ್ಕೂ ನಾದ ಬಂದದ್ದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲಿ ಶಬ್ದ ನನ್ನ ಕಡೆಗೆ ಜನರ ತಲೆಗಳ ಮೇಲೆ ಹಾದು ಬರುತ್ತಿತ್ತು. ಶಾಲೆಯ ಭೌತಶಾಸ್ತ್ರದ ಪಾಠದಲ್ಲಿ ಓದಿದ್ದು ನನ್ನ ಎದೆಗೇ ಬಂದು ಬಡಿಯಿತು.

ಆ ಹಾಡಿನ ಕೊನೆಯಲ್ಲಿ ಮಾತೇ ಇಲ್ಲದ ಒಂದು ಆಲಾಪವಿದೆ. ಇಂಗ್ಲಿಷ್ ಬಂದರೂ ಸರಿ, ಬಾರದಿದ್ದರೂ ಸರಿ, ಬಾಯಿ ತೆರೆದರೆ ಸಾಕು. ತಂಡ ವಾದ್ಯ ನಿಲ್ಲಿಸಿದ ಮೇಲೂ ಜನ ನಿಲ್ಲಿಸಲಿಲ್ಲ. ಲಕ್ಷ ಕೊರಳು ಒಟ್ಟಿಗೆ! ಆಗ ನನಗೆ ಹೊಳೆದದ್ದು: ಇದು ಶ್ರುತಿಯಲ್ಲಿದೆ! ನನ್ನ ಕೊರಳು ಶ್ರುತಿ ಹಿಡಿಯುವಂಥದಲ್ಲ, ಪಕ್ಕದ ಗೃಹಸ್ಥರದ್ದೂ ಅಲ್ಲ. ಆದರೂ ಒಟ್ಟಾಗಿ ಎದ್ದ ದನಿಯಲ್ಲಿ ಅಪಸ್ವರವೇ ಇಲ್ಲ. ಕಾರಣ ಇಷ್ಟೇ: ಕೆಲವರು ಸ್ವರಕ್ಕಿಂತ ಕೂದಲೆಳೆ ಮೇಲೆ ಹಾಡುತ್ತಾರೆ, ಕೆಲವರು ಕೂದಲೆಳೆ ಕೆಳಗೆ. ಜನ ಹೆಚ್ಚಾದಷ್ಟೂ ಈ ಏರಿಳಿತಗಳು ಎರಡೂ ಕಡೆ ಹಂಚಿಹೋಗಿ ನಡುವಿನ ಸ್ವರವೇ ಗಟ್ಟಿಯಾಗಿ ಕೇಳುತ್ತದೆ. ನಾವು ಒಬ್ಬೊಬ್ಬರೇ ಮುಟ್ಟಲಾರದ ಸ್ವರವನ್ನು ಎಲ್ಲರೂ ಸೇರಿ ಮುಟ್ಟಿದ್ದೆವು!

ಚಪ್ಪಾಳೆಗೂ ಇಂಥದೇ ಒಂದು ಗುಟ್ಟಿದೆ. 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೇಡಾ, ವಿಚೆಕ್, ಬರಬಾಶಿ ಮೊದಲಾದ ವಿಜ್ಞಾನಿಗಳು ರೊಮೇನಿಯಾ ಮತ್ತು ಹಂಗೆರಿಯ ರಂಗಮಂದಿರಗಳ ಚಪ್ಪಾಳೆಯನ್ನು ಧ್ವನಿಮುದ್ರಿಸಿ ಪರೀಕ್ಷಿಸಿದ ವರದಿ ಬಂತು. ಮೊದಲು ಎಲ್ಲರೂ ತಮತಮಗೆ ತೋಚಿದಂತೆ, ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ತಟ್ಟುತ್ತಾರೆ, ಬರೀ ಗದ್ದಲ. ಆಮೇಲೆ ಯಾರೂ ಹೇಳದೆಯೇ ಎಲ್ಲರ ಕೈ ಅರ್ಧ ವೇಗಕ್ಕೆ ಇಳಿಯುತ್ತದೆ. ಇಳಿದದ್ದೇ ತಡ, ಲಯ ಕೂಡಿಬರುತ್ತದೆ! ಆದರೆ ನಿಧಾನವಾಗಿ ತಟ್ಟಿದರೆ ಒಟ್ಟು ಸದ್ದು ಕಡಿಮೆ. ಇನ್ನೂ ಜೋರಾಗಿ ಮೆಚ್ಚುಗೆ ತೋರಿಸಬೇಕೆಂಬ ಹುರುಪಿನಲ್ಲಿ ಜನ ವೇಗ ಹೆಚ್ಚಿಸುತ್ತಾರೆ, ಲಯ ಒಡೆಯುತ್ತದೆ, ಮತ್ತೆ ಕೂಡುತ್ತದೆ. ನಮ್ಮ ಗ್ಯಾಲರಿಯಲ್ಲಿ ಆ ರಾತ್ರಿ ಇದೇ ನಡೆಯುತ್ತಿತ್ತು: ಕೂಡುವುದು, ಒಡೆಯುವುದು, ಮತ್ತೆ ಕೂಡುವುದು. ತಾಳ ಹಾಕಲು ಯಾರೂ ಮುಂದೆ ನಿಂತಿರಲಿಲ್ಲ. ಹತ್ತಿರದವರ ಕೈ ಕೇಳಿ ನನ್ನ ಕೈ, ನನ್ನ ಕೈ ಕೇಳಿ ಮತ್ತೊಬ್ಬರ ಕೈ!

ಅಪರಿಚಿತರು ಹೀಗೆ ಒಂದಾಗುವುದು ಬರಿಯ ಭ್ರಮೆಯಲ್ಲ. 2016ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನ ಹಾಡುಗಾರರ ಸಣ್ಣ ಗುಂಪುಗಳನ್ನೂ 232 ಮಂದಿ ಕೂಡಿದ ಮಹಾವೃಂದವನ್ನೂ ಹೋಲಿಸಿ ನೋಡಿತು. ಹಾಡಿದ ಮೇಲೆ ಎರಡು ಕಡೆಯವರಿಗೂ ನೋವು ತಾಳುವ ಶಕ್ತಿ ಹೆಚ್ಚಿತ್ತು. ಜೊತೆಗೆ ಹಾಡಿದವರ ಮೇಲಿನ ಆಪ್ತತೆ ಮಾತ್ರ ಮುಖಪರಿಚಯವೂ ಸರಿಯಾಗಿ ಇಲ್ಲದ ಆ ದೊಡ್ಡ ವೃಂದದಲ್ಲೇ ಹೆಚ್ಚು ಏರಿತ್ತು. ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಷ್ಟು ಹಿಂದೆಯೇ ಜನ ಒಂದೆಡೆ ಸೇರಿದಾಗ ಉಕ್ಕುವ ಈ ಹುರುಪಿನ ಬಗ್ಗೆ ಬರೆದಿದ್ದರು. ಧರ್ಮದ ಬೇರು ಅಲ್ಲಿದೆ ಎಂಬುದು ಅವರ ವಾದ. ನಮ್ಮ ಊರ ತೇರಿನ ಹಗ್ಗಕ್ಕೆ ಕೈ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆದದ್ದು ಯಾರ ಬಲ ಎಂದು ಯಾರಿಗೂ ಗೊತ್ತಿರುವುದಿಲ್ಲ. ತೇರು ಮಾತ್ರ ಹೊರಟಿರುತ್ತದೆ.

‘ಎ ಸ್ಕೈ ಫುಲ್ ಆಫ್ ಸ್ಟಾರ್ಸ್’ ಹಾಡಿನ ನಡುವೆ ಕ್ರಿಸ್ ಮಾರ್ಟಿನ್ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಇದೊಂದು ಹಾಡಿಗೆ ಫೋನು ಜೇಬಿಗೆ ಹಾಕಿ ಎಂದು ಕೇಳಿಕೊಳ್ಳುತ್ತಾರೆ. ಊರೂರಲ್ಲಿ ಅವರು ಹೀಗೆ ಮಾಡುವುದು ಅಭಿಮಾನಿಗಳಿಗೆಲ್ಲ ಗೊತ್ತು. ಗೊತ್ತಿದ್ದರೂ ಅದು ಆಗುವಾಗ ನೋಡಬೇಕು! ಮೈದಾನದ ಉದ್ದಗಲಕ್ಕೂ ಫೋನಿನ ಪರದೆಗಳು ಒಂದೊಂದಾಗಿ ಆರಿದವು. ಹಾಡು ಮೊದಲಿನಿಂದ ಶುರುವಾಯಿತು, ಪಟ್ಟಿಗಳು ಬಿಳಿಯಾಗಿ ಮಿನುಗಿದವು, ಬಣ್ಣದ ಕಾಗದದ ಚೂರುಗಳು ಚಿಮ್ಮಿದವು. ಲಕ್ಷ ಜನ ಬರಿಗೈಯಲ್ಲಿ ಕುಪ್ಪಳಿಸಿದೆವು. ಅಕ್ಕನ ಮಗಳು ನನ್ನ ಎರಡೂ ಕೈ ಹಿಡಿದು ಎಳೆದಳು: “ಎದ್ದೇಳು ಚಿಕ್ಕಮ್ಮ, ಹಾರು!” ಕಾಲ ಕೆಳಗಿನ ಕಾಂಕ್ರೀಟು ನಡುಗುತ್ತಿತ್ತು. ಆ ಹಾಡಿನ ವಿಡಿಯೋ ನಮ್ಮಿಬ್ಬರ ಬಳಿ ಇಲ್ಲ. ಮೈಗೆ ಮಾತ್ರ ಆ ಹಾಡು ಅತಿ ಚೆನ್ನಾಗಿ ನೆನಪಿದೆ.

ಅಂದು ಗಣರಾಜ್ಯೋತ್ಸವ. ಇಂಗ್ಲೆಂಡಿನ ಕ್ರಿಸ್ ಮಾರ್ಟಿನ್ ‘ವಂದೇ ಮಾತರಂ’ ಎತ್ತಿಕೊಂಡರು, ಎ.ಆರ್. ರೆಹಮಾನರ ‘ಮಾ ತುಝೇ ಸಲಾಂ’ ಹಾಡಿದರು. ಉಚ್ಚಾರ ತೊಡರುತ್ತಿತ್ತು, ಪ್ರೀತಿ ತೊಡರಲಿಲ್ಲ. ಜನ ಆ ಸಾಲುಗಳನ್ನು ಅವರ ಬಾಯಿಂದ ತೆಗೆದುಕೊಂಡು ಮುಂದಕ್ಕೆ ಒಯ್ದರು. ಗ್ಯಾಲರಿಯಲ್ಲಿ ಕ್ರಿಕೆಟ್ ಆಟಗಾರ ಜಸ್‌ಪ್ರೀತ್ ಬುಮ್ರಾ ಕೂತಿದ್ದುದು ಪರದೆಯಲ್ಲಿ ಕಂಡಾಗ ಎದ್ದ ಕೇಕೆ ಆ ಕ್ರಿಕೆಟ್ ಮೈದಾನಕ್ಕೆ ಹೊಸದಲ್ಲ. ಇದೆಲ್ಲ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಆಗಲೇ ನೇರಪ್ರಸಾರವಾಗುತ್ತಿತ್ತು. ಊರಲ್ಲಿ ಅಕ್ಕ ಟಿವಿಯ ಮುಂದೆ ಕೂತು ಲಕ್ಷ ಬೆಳಕುಗಳಲ್ಲಿ ಮಗಳ ಬೆಳಕು ಯಾವುದೆಂದು ಹುಡುಕುತ್ತಿದ್ದಳಂತೆ!

ಇಷ್ಟೊಂದು ಬೆಳಕಿಗೆ, ಸದ್ದಿಗೆ ವಿದ್ಯುತ್ ಎಲ್ಲಿಂದ? ಈ ಪ್ರವಾಸಕ್ಕೆಂದೇ ತಂಡ ಬಿಎಂಡಬ್ಲ್ಯು ಐ3 ವಿದ್ಯುತ್ ಕಾರುಗಳ ಬ್ಯಾಟರಿಗಳಿಂದ ಸಂಚಾರಿ ವಿದ್ಯುತ್ ಭಂಡಾರವನ್ನು ಮಾಡಿಸಿಕೊಂಡಿತ್ತು. ಅಭಿಮಾನಿಗಳು ಕುಣಿದರೆ ವಿದ್ಯುತ್ ಹುಟ್ಟುವ ನೆಲಹಾಸು, ತುಳಿದರೆ ವಿದ್ಯುತ್ ಕೊಡುವ ಸೈಕಲ್ಲುಗಳೂ ಈ ಪ್ರವಾಸದ ಭಾಗವಾಗಿದ್ದವು. ಹೆಜ್ಜೆ ಬಿದ್ದಾಗ ನೆಲದ ಹಲಗೆ ತುಸುವೇ ಕುಸಿಯುತ್ತದೆ, ಆ ಕುಸಿತ ಕೆಳಗಿನ ಜನರೇಟರನ್ನು ತಿರುಗಿಸುತ್ತದೆ. ಕುಣಿತವೇ ಹಾಡಿನ ಇಂಧನ! 2024ರ ಜೂನ್‌ನಲ್ಲಿ ತಂಡ ಕೊಟ್ಟ ಲೆಕ್ಕದ ಪ್ರಕಾರ, ಪ್ರವಾಸದ ಮೊದಲ ಎರಡು ವರ್ಷಗಳಲ್ಲಿ ಒಂದೊಂದು ಕಛೇರಿಯ ನೇರ ಇಂಗಾಲದ ಹೊರಸೂಸುವಿಕೆ 2016-17ರ ಪ್ರವಾಸಕ್ಕಿಂತ 59% ಕಡಿಮೆ. ಪ್ರತಿ ಟಿಕೆಟ್ಟಿಗೊಂದು ಗಿಡ ನೆಡುತ್ತಿದ್ದರು. ಕೈಪಟ್ಟಿಯನ್ನು ಮಾಡಿದ್ದೂ ಮಣ್ಣಿಗೆ ಸೇರಿ ಕೊಳೆಯುವ ಸಸ್ಯಮೂಲದ ವಸ್ತುವಿನಿಂದ. ಹೊರಡುವಾಗ ಅದನ್ನು ಡಬ್ಬಿಗೆ ಹಾಕಿ ಹೋಗಬೇಕಿತ್ತು. ಮುಂದಿನ ಊರಿನವರ ಕೈಗೆ ಅದೇ ಬೆಳಕು. ಯಾವ ಊರಿನವರು ನೂರಕ್ಕೆ ಎಷ್ಟು ಪಟ್ಟಿ ಮರಳಿಸಿದರೆಂದು ಪರದೆಯ ಮೇಲೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಇಂಥ ಕಛೇರಿಗಳಿಗೆ ಹೋಗುವವರಿಗೆ ಒಂದು ಕಿವಿಮಾತು, ಅಕ್ಷರಶಃ ಕಿವಿಯದೇ. ಕ್ರಿಸ್ ಮಾರ್ಟಿನ್ ವರ್ಷಗಳಿಂದ ಕಿವಿಯಲ್ಲಿ ನಿಲ್ಲದೆ ಗುಂಯ್‌ಗುಡುವ ತೊಂದರೆಯಿಂದ ಬಳಲಿದ್ದಾರೆ, ಅದನ್ನು ಬಹಿರಂಗವಾಗಿ ಹೇಳಿಯೂ ಇದ್ದಾರೆ. ಇಂಥ ಕಛೇರಿಗಳ ಸದ್ದು 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಇಯರ್‌ಪ್ಲಗ್ ಹಾಕಿಕೊಂಡರೆ ಹಾಡು ಸಪ್ಪೆಯಾಗುವುದಿಲ್ಲ. ಮುಂದಿನ ಮೂವತ್ತು ವರ್ಷದ ಹಾಡುಗಳು ಉಳಿಯುತ್ತವೆ. ಮಕ್ಕಳನ್ನು ಕರೆದೊಯ್ದರೆ ಮರೆಯಲೇಬೇಡಿ.

ಇಂಥ ಅನುಭವಕ್ಕೆ ನಮ್ಮವರು ಅಹಮದಾಬಾದಿಗೇ ಹೋಗಬೇಕೆಂದೇನೂ ಇಲ್ಲ. ಬೆಂಗಳೂರಿನ ಅರಮನೆ ಮೈದಾನ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕಂಡಿದೆ. ಮೊಟೇರಾದ ಆ ರಾತ್ರಿಯಾಗಿ ಎರಡು ವಾರ ಕಳೆಯುವಷ್ಟರಲ್ಲಿ, 2025ರ ಫೆಬ್ರುವರಿ 8 ಮತ್ತು 9ರಂದು, ಎಡ್ ಶೀರನ್ ಬೆಂಗಳೂರಿನಲ್ಲೇ ಹಾಡಿದರು. ಕಾಲಲ್ಲಿ ಒತ್ತುವ ಲೂಪ್ ಯಂತ್ರ ಅವರ ಜಾದೂ. ಗಿಟಾರಿನ ಮೈ ತಟ್ಟಿ ಒಂದು ತಾಳ, ಅದರ ಮೇಲೆ ತಂತಿಯ ಒಂದು ವರಸೆ, ಅದರ ಮೇಲೆ ತನ್ನದೇ ದನಿ. ಒಂದೊಂದನ್ನೂ ಆಗಲೇ ಹಿಡಿದಿಟ್ಟು ಸುತ್ತಿಸುತ್ತ ಒಬ್ಬರೇ ಒಂದು ವಾದ್ಯವೃಂದವಾಗುತ್ತಾರೆ. ಅಲ್ಲಿ ಒಬ್ಬರು ಹಲವರಾಗುವ ಸೋಜಿಗ, ಮೊಟೇರಾದಲ್ಲಿ ಹಲವರು ಒಬ್ಬರಾಗುವ ಸೋಜಿಗ!

ಈ ಎರಡನೆಯದನ್ನು ಯಾವ ಯಂತ್ರವೂ ಮನೆಗೆ ತಂದುಕೊಡಲಾರದು. ಹಾಡು ಫೋನಿನಲ್ಲಿ ಸಿಗುತ್ತದೆ, ಕ್ರಿಸ್ ಮಾರ್ಟಿನ್ನರ ಮುಖ ಟಿವಿಯಲ್ಲಿ ಇನ್ನೂ ಹತ್ತಿರ ಕಾಣುತ್ತದೆ. ಕೊರಳು ಶ್ರುತಿಗೆ ಬಾರದವಳೂ ಶ್ರುತಿಯ ಭಾಗವಾಗುವುದು, ಹೆಸರೇ ಗೊತ್ತಿಲ್ಲದವರ ಕೈ ಕೇಳಿ ನಮ್ಮ ಕೈ ತಾಳ ಹಿಡಿಯುವುದು, ಇದು ಮಾತ್ರ ಜನರ ನಡುವೆಯೇ ಆಗಬೇಕು. ಹಾಗಾಗಿ ನಿಮ್ಮ ಪ್ರೀತಿಯ ಹಾಡುಗಾರರು ನಿಮ್ಮ ಊರಿಗೆ ಬಂದಾಗ, ಅವರು ಯಾವ ಭಾಷೆಯವರೇ ಇರಲಿ, ವಯಸ್ಸು ಮೀರಿತೆಂದೋ ದನಿ ಸರಿಯಿಲ್ಲವೆಂದೋ ಹಿಂಜರಿಯಬೇಡಿ. ಸ್ನೇಹಿತರನ್ನು ಕಟ್ಟಿಕೊಂಡು ಹೋಗಿ, ನಿಂತು, ಬಾಯಿ ತುಂಬ ಹಾಡಿ. ಆ ಶ್ರುತಿ ಕೂಡಲು ನಿಮ್ಮ ಕೊರಳೂ ಬೇಕು!